ಕಿರಿಯರ ಕಾಲ್ಚೆಂಡಾಟದಲ್ಲಿ ಆಯ್ಕೆಯ ಕ್ರಮ: ವಯಸ್ಸಿನ ದಾಖಲೆಯೂ ದೇಹದ ಬೆಳವಣಿಗೆಯೂ

ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳ ಹಳೆಯ ಪ್ರಾಥಮಿಕ ಶಾಲೆಗಳ ದಾಖಲಾತಿ ಪುಸ್ತಕಗಳನ್ನು ತೆರೆದು ನೋಡಿದವರಿಗೆ ಒಂದು ವಿಚಿತ್ರವು ಕಣ್ಣಿಗೆ ಬೀಳದೆ ಇರದು. ಮಕ್ಕಳ ಜನ್ಮದಿನಾಂಕವನ್ನು ಬರೆಯುವ ಅಂಕಣದಲ್ಲಿ ಜೂನ್ ೧ ಎಂಬುದೇ ಮತ್ತೆ ಮತ್ತೆ ಕಾಣಬರುತ್ತದೆ. ಈ ಸೀಮೆಯ ತಾಯಂದಿರೆಲ್ಲರೂ ಒಂದೇ ದಿನ ಹಡೆದರೆಂದು ಯಾರೂ ನಂಬಲಾರರಷ್ಟೆ. ಶಾಲೆಯ ವರ್ಷವು ಜೂನ್ ತಿಂಗಳಲ್ಲಿ ಮೊದಲಾಗುವುದು. ಹುಟ್ಟಿದ ದಿನವನ್ನು ತಿಥಿ ನಕ್ಷತ್ರಗಳಿಂದಲೋ, ಜಾತ್ರೆ ಸುಗ್ಗಿಗಳಿಂದಲೋ ನೆನೆಯುತ್ತಿದ್ದ ತಂದೆತಾಯಿಗಳಿಗೆ ಇಂಗ್ಲಿಷ್ ತಾರೀಖು ಗೊತ್ತಿರುತ್ತಿರಲಿಲ್ಲ. ಮೇಷ್ಟ್ರು ಮಗುವಿನ ಬಲಗೈಯನ್ನು ತಲೆಯ ಮೇಲಿನಿಂದ ಬಳಸಿ ಎಡಗಿವಿಯನ್ನು ಮುಟ್ಟಿಸಿ ನೋಡುವರು. ಕೈ ಕಿವಿಗೆ ಎಟುಕಿದರೆ ಮಗುವಿಗೆ ಆರು ವರ್ಷ ತುಂಬಿತೆಂದು ತೀರ್ಮಾನಿಸಿ, ಲೆಕ್ಕಕ್ಕೆ ಸರಿಹೋಗುವ ವರ್ಷದ ಜೂನ್ ೧ನ್ನು ಬರೆದುಕೊಳ್ಳುವರು. ಇತಿಹಾಸದ ವಿದ್ಯಾರ್ಥಿಗಳಿಗೆ ಇದು ಒಳ್ಳೆಯ ಪಾಠ. ದಾಖಲೆಯು ಸರ್ಕಾರಿ ಮುದ್ರೆಯನ್ನು ಹೊತ್ತಿದ್ದರೂ ಅದು ಘಟನೆಯನ್ನಲ್ಲ, ಘಟನೆಯ ಬಗೆಗೆ ಒಬ್ಬರು ಮಾಡಿದ ಊಹೆಯನ್ನು ಮಾತ್ರ ಹೇಳುತ್ತಿರಬಹುದು.

ಈ ಊಹೆಯು ಆಟದ ಬಯಲಿನಲ್ಲಿ ಏನು ಮಾಡುತ್ತದೆ, ಅದರಿಂದ ಕಿರಿಯ ಕಾಲ್ಚೆಂಡಾಟಗಾರರ ಆಯ್ಕೆಯ ಕ್ರಮವು ಹೇಗೆ ಕೆಟ್ಟಿದೆ, ಅದನ್ನು ತಿದ್ದುವ ದಾರಿ ಯಾವುದು ಎಂಬುದನ್ನು ಇಲ್ಲಿ ವಿವೇಚಿಸಲು ಯತ್ನಿಸಿದ್ದೇನೆ. ಇತಿಹಾಸದ ಅಧ್ಯಾಪಕನಿಗೆ ಚೆಂಡಾಟದ ಉಸಾಬರಿ ಏಕೆಂದು ಕೆಲವು ಮಿತ್ರರು ಕೇಳಿಯಾರು. ಆಯ್ಕೆಯೆಂಬುದೂ ಸಾಕ್ಷ್ಯವನ್ನು ತೂಗಿ ನೋಡುವ ಕೆಲಸವೇ. ಅಲ್ಲದೆ ಈ ವಿಷಯದಲ್ಲಿ ನಾನು ಕೇವಲ ಪ್ರೇಕ್ಷಕನೂ ಅಲ್ಲ.

ಎಮ್ಮೆದೊಡ್ಡಿಯ ಸುತ್ತಿನ ಬಯಲು ಅಮೃತಮಹಲ್ ಕಾವಲುಗಳ ಸೀಮೆ. ಊರಿನ ಹೆಸರೇ ದನಕರುಗಳ ಮಾತನ್ನು ಹೇಳುತ್ತದೆ. ಇಲ್ಲಿಯ ಶಾಲೆಗಳಲ್ಲಿ ಕಬಡ್ಡಿ, ಖೋ-ಖೋ, ವಾಲಿಬಾಲ್‌ಗಳೇ ಹೆಚ್ಚು. ನಾನು ಓದಿದ ಪ್ರೌಢಶಾಲೆಯಲ್ಲಿ ಫುಟ್‌ಬಾಲ್ ಇದ್ದದ್ದು ಒಂದು ಆಕಸ್ಮಿಕ. ದೈಹಿಕ ಶಿಕ್ಷಣದ ಮೇಷ್ಟ್ರಿಗೆ ಆ ಆಟದಲ್ಲಿ ಒಲವಿದ್ದಿತು. ೨೦೦೩ರಲ್ಲಿ ನಾನು ಎಂಟನೆಯ ತರಗತಿಯಲ್ಲಿದ್ದಾಗ ಹದಿನಾಲ್ಕು ವರ್ಷದೊಳಗಿನವರ ತಂಡಕ್ಕೆ ಆಯ್ಕೆ ನಡೆಯಿತು. ನನ್ನ ಜನ್ಮದಿನವು ದಾಖಲೆಯಂತೆ ೧೯೯೦ರ ಜೂನ್ ೧. ನಮ್ಮ ತಾಯಿಯವರ ನೆನಪಿನಂತೆ ನಾನು ಹುಟ್ಟಿದ್ದು ಅದರ ಹಿಂದಿನ ವರ್ಷದ ರಾಗಿ ಕೊಯ್ಲಿನ ಕಾಲದಲ್ಲಿ, ಎಂದರೆ ೧೯೮೯ರ ಕೊನೆಯಲ್ಲಿ. ನನ್ನ ಪಕ್ಕದಲ್ಲಿ ಕುಳಿತುಕೊಳ್ಳುತ್ತಿದ್ದ ಗೆಳೆಯನ ದಿನಾಂಕವೂ ೧೯೯೦ರ ಜೂನ್ ೧. ಅವನು ನಿಜವಾಗಿ ಹುಟ್ಟಿದ್ದು ೧೯೯೧ರ ಸಂಕ್ರಾಂತಿ ಕಳೆದ ವಾರ. ಹೀಗೆ ಕಾಗದದಲ್ಲಿ ಒಂದೇ ದಿನ ಹುಟ್ಟಿದ ಇಬ್ಬರು ಹುಡುಗರ ನಡುವೆ ಸುಮಾರು ಹದಿಮೂರು ಹದಿನಾಲ್ಕು ತಿಂಗಳ ಅಂತರವಿದ್ದಿತು. ಚೆಂಡು ಅವನ ಕಾಲಿಗೆ ಅಂಟಿಕೊಂಡಂತೆ ಇರುತ್ತಿತ್ತು. ನನಗೆ ಅದು ಬಂದಿರಲಿಲ್ಲ. ಆದರೆ ನಾನು ಅವನಿಗಿಂತ ಒಂದು ಗೇಣು ಎತ್ತರವಾಗಿದ್ದೆ, ನೂಕಿದರೆ ಅವನು ಬೀಳುತ್ತಿದ್ದ. ಅರ್ಧ ಗಂಟೆಯ ಆಟವನ್ನು ನೋಡಿ ಆರಿಸಿದರು. ನಾನು ಆಯ್ಕೆಯಾದೆ, ಅವನು ಆಗಲಿಲ್ಲ. ನಿಜವಾದ ದಿನಾಂಕವನ್ನು ಹಿಡಿದಿದ್ದರೆ ಆ ವರ್ಷದ ಕೊನೆಗೆ ನನಗೆ ಹದಿನಾಲ್ಕು ತುಂಬಿ, ನಾನು ಆ ತಂಡಕ್ಕೆ ಅರ್ಹನೇ ಆಗುತ್ತಿರಲಿಲ್ಲ. ಇದರಲ್ಲಿ ಮೋಸ ಮಾಡಿದವರು ಯಾರೂ ಇರಲಿಲ್ಲವೆಂಬುದನ್ನು ಗಮನಿಸಬೇಕು.

ವಯಸ್ಸಿನ ಕಳ್ಳತನವನ್ನು ಕುರಿತು ನಮ್ಮಲ್ಲಿ ಮಾತು ಬಹಳ. ದೊಡ್ಡವನನ್ನು ಚಿಕ್ಕವನೆಂದು ತೋರಿಸಿ ಪಂದ್ಯ ಗೆಲ್ಲುವುದು ಅಪರಾಧವೇ ಸರಿ. ಆದರೆ ದಾಖಲೆಯ ದೋಷವು ಎರಡು ಕಡೆಗೂ ಕೊಯ್ಯುತ್ತದೆ. ಏಳು ವರ್ಷದವನನ್ನು ಆರೆಂದು ಬರೆದರೆ ಅವನಿಗೆ ಬಯಲಿನಲ್ಲಿ ಒಂದು ವರ್ಷದ ಲಾಭ. ಐದೂವರೆಯವನನ್ನು ಆರೆಂದು ಬರೆದರೆ ಅವನಿಗೆ ಅಷ್ಟೇ ನಷ್ಟ. ಲಾಭ ಪಡೆದವನನ್ನು ಹಿಡಿಯಲು ನಿಯಮಗಳುಂಟು. ನಷ್ಟ ಹೊಂದಿದವನನ್ನು ಹುಡುಕಲು ಯಾವ ನಿಯಮವೂ ಇಲ್ಲ. ಅವನು ಆಯ್ಕೆಯಾಗದೆ ಮನೆಗೆ ಹೋದನಾಗಿ ಯಾವ ಪಟ್ಟಿಯಲ್ಲಿಯೂ ಅವನ ಹೆಸರು ಉಳಿಯುವುದಿಲ್ಲ.

ಹಿಂದಿನ ಕಾಲದಲ್ಲಿ ಆಟಗಾರರು ಹೇಗೆ ಬೆಳಕಿಗೆ ಬರುತ್ತಿದ್ದರು ಎಂಬುದನ್ನು ಇಲ್ಲಿ ಸ್ವಲ್ಪ ನೋಡಬೇಕು. ನಮ್ಮ ರಾಜ್ಯದಲ್ಲಿ ಕಾಲ್ಚೆಂಡಾಟವು ಬೇರೂರಿದ್ದು ಬೆಂಗಳೂರಿನ ದಂಡಿನ ಪ್ರದೇಶದಲ್ಲಿ. ೧೮೦೯ರಲ್ಲಿ ಸ್ಥಾಪಿತವಾದ ಆ ದಂಡಿನ ಸಿಪಾಯಿಗಳು ಆಡುತ್ತಿದ್ದ ಆಟವನ್ನು ಸುತ್ತಲಿನ ಕೇರಿಗಳ ಹುಡುಗರು ನೋಡಿ ಕಲಿತರು. ಬೆಂಗಳೂರು ಮುಸ್ಲಿಮ್ಸ್ ತಂಡವು ೧೯೩೭ರಲ್ಲಿ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದು, ಅದನ್ನು ಪಡೆದ ಮೊದಲ ಭಾರತೀಯ ನಾಗರಿಕ ತಂಡವಾಯಿತು, ಮರುವರ್ಷವೂ ಗೆದ್ದಿತು. ೧೯೪೮ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸಿನೆದುರು ೧-೨ರಿಂದ ಸೋತ ಭಾರತದ ತಂಡದಲ್ಲಿ ಬಹುಮಂದಿ ಬರಿಗಾಲಿನಲ್ಲಿಯೇ ಆಡಿದರು. ಭಾರತದ ಆ ಒಂದು ಗೋಲನ್ನು ಹೊಡೆದವರು ಬೆಂಗಳೂರಿನ ಎಸ್. ರಾಮನ್. ಚೆಂಡನ್ನು ಕಾಲಿನಲ್ಲಿ ಆಡಿಸುವ ಚಾತುರ್ಯಕ್ಕೆ ಹೆಸರಾದ ಅಹಮದ್ ಖಾನರೂ ಬೆಂಗಳೂರಿನವರೇ. ಮೈಸೂರು ತಂಡವು ೧೯೪೬-೪೭, ೧೯೫೨-೫೩, ೧೯೬೭-೬೮ ಮತ್ತು ೧೯೬೮-೬೯ರಲ್ಲಿ ಸಂತೋಷ್ ಟ್ರೋಫಿಯನ್ನು ಗಳಿಸಿತು. ಅನಂತರ ೨೦೨೩ರ ಮಾರ್ಚಿ ೪ರಂದು ರಿಯಾದ್ ನಗರದಲ್ಲಿ ಮೇಘಾಲಯವನ್ನು ೩-೨ರಿಂದ ಸೋಲಿಸುವವರೆಗೆ, ಐವತ್ತನಾಲ್ಕು ವರ್ಷ ಕರ್ನಾಟಕಕ್ಕೆ ಆ ಟ್ರೋಫಿ ದೊರೆಯಲಿಲ್ಲ.

ಆ ಹಳೆಯ ಆಟಗಾರರು ಕೇರಿಯ ಬಯಲಿನಲ್ಲಿ ಆಡುತ್ತ ಬೆಳೆದವರು. ಅಲ್ಲಿಂದ ಕ್ಲಬ್ಬಿಗೆ, ಕ್ಲಬ್ಬಿನಿಂದ ಲೀಗಿಗೆ ಬಂದವರು. ಆಟವನ್ನು ಬಲ್ಲ ಹಿರಿಯರು ಅದೇ ಹುಡುಗನನ್ನು ಒಂದು ದಿನವಲ್ಲ, ನಾಲ್ಕಾರು ಮಳೆಗಾಲ ನೋಡುತ್ತಿದ್ದರು. ಹದಿಮೂರರಲ್ಲಿ ಸಣ್ಣಗಿದ್ದವನು ಹದಿನೇಳರಲ್ಲಿ ಬಲಿತು ಬಂದರೆ ನೋಡುವ ಕಣ್ಣು ಅಲ್ಲಿಯೇ ಇರುತ್ತಿತ್ತು. ಇದನ್ನು ಒಂದು ಪದ್ಧತಿಯೆಂದು ಯಾರೂ ಕರೆಯಲಿಲ್ಲ; ಆದರೂ ಅದರಲ್ಲಿ ಇಂದಿನ ಪದ್ಧತಿಗಳಿಗಿಲ್ಲದ ಒಂದು ಗುಣ, ಎಂದರೆ ಕಾಲಾವಕಾಶ, ಇದ್ದಿತು. ಅದರ ದೋಷವೂ ಸ್ಪಷ್ಟವೇ. ಆ ಕಣ್ಣು ದಂಡಿನ ಪ್ರದೇಶದ ಕೆಲವು ಮೈಲಿಗಳ ಆಚೆಗೆ ಹೋಗುತ್ತಿರಲಿಲ್ಲ. ಬೀರೂರಿನಿಂದ ಬೆಂಗಳೂರಿಗೆ ರೈಲು ಇದ್ದರೂ ಇನ್ನೂರು ಕಿಲೋಮೀಟರಿಗೂ ಮಿಕ್ಕ ಆ ದೂರವನ್ನು ಚೆಂಡಾಟಕ್ಕಾಗಿ ಕ್ರಮಿಸುವ ಹುಡುಗನನ್ನು ಯಾರು ಕಳುಹಿಸಿಯಾರು?

ಸ್ವಾತಂತ್ರ್ಯಾನಂತರ ಬಲೆಯನ್ನು ಅಗಲವಾಗಿ ಬೀಸುವ ಪ್ರಯತ್ನಗಳಾದುವು. ಶಾಲೆಗಳ ಕ್ರೀಡಾಕೂಟಗಳು ಹೋಬಳಿಯಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಜಿಲ್ಲೆಗೆ, ವಿಭಾಗಕ್ಕೆ, ರಾಜ್ಯಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತವೆ. ೧೯೮೪ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು ಸ್ಥಾಪಿತವಾಯಿತು. ೨೦೨೪ರ ಮಾರ್ಚಿಯಲ್ಲಿ ಒಂಬತ್ತರಿಂದ ಹದಿನೆಂಟು ವರ್ಷದವರನ್ನು ಪರೀಕ್ಷಿಸಿ ಆರಿಸುವ 'ಕೀರ್ತಿ' ಎಂಬ ಯೋಜನೆಯನ್ನು ಕೇಂದ್ರ ಸರ್ಕಾರವು ಆರಂಭಿಸಿತು. ಬಲೆ ಅಗಲವಾಯಿತು, ನಿಜ. ಆದರೆ ಅಗಲವಾದಷ್ಟೂ ಒಬ್ಬೊಬ್ಬನನ್ನು ನೋಡುವ ಕಾಲವು ಕುಗ್ಗಿತು. ಒಂದು ಬೆಳಗಿನಲ್ಲಿ ನೂರಾರು ಹುಡುಗರನ್ನು ನೋಡಬೇಕಾದ ಆಯ್ಕೆಗಾರರಿಗೆ ಕಾಣುವುದು ಓಟ, ಎತ್ತರ, ತಳ್ಳುವ ಬಲ. ಚೆಂಡು ಬರುವ ಮೊದಲೇ ಎಲ್ಲಿ ನಿಲ್ಲಬೇಕೆಂದು ಅರಿಯುವ ಬುದ್ಧಿಯಲ್ಲ.

ಬಲೆಯನ್ನು ಬೀಸಿ ಅರ್ಧದಲ್ಲಿ ಕೈಬಿಟ್ಟರೆ ಏನಾಗುವುದೆಂಬುದಕ್ಕೆ ನಮ್ಮ ರಾಜ್ಯದಲ್ಲಿಯೇ ಒಂದು ನಿದರ್ಶನವುಂಟು. ಅದು ಕಾಲ್ಚೆಂಡಿನದಲ್ಲ, ಓಟಪಂದ್ಯಗಳದು. ಆದರೂ ಆಯ್ಕೆಯ ಚರಿತ್ರೆಯಲ್ಲಿ ಅದನ್ನು ಬಿಡುವಂತಿಲ್ಲ. ಕ್ರೀಡಾ ಪ್ರಾಧಿಕಾರವು ೧೯೮೦ರ ದಶಕದಲ್ಲಿ ವಿಶೇಷ ಪ್ರದೇಶ ಕ್ರೀಡಾ ಯೋಜನೆಯೆಂಬುದನ್ನು ಕೈಗೊಂಡು, ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡು ಮೊದಲಾದ ತಾಲ್ಲೂಕುಗಳ ಕಾಡಂಚಿನಲ್ಲಿ ವಾಸಿಸುವ ಸಿದ್ದಿ ಜನಾಂಗದ ಬಾಲಕ ಬಾಲಕಿಯರನ್ನು ಆರಿಸಿ ತರಬೇತಿಗೆ ಕರೆತಂದಿತು. ಇವರ ಪೂರ್ವಜರು ಆಫ್ರಿಕದಿಂದ ಬಂದವರಾದುದರಿಂದ ಇವರು ಓಟದಲ್ಲಿ ಸ್ವಭಾವತಃ ಮುಂದಾಗುವರೆಂಬ ಎಣಿಕೆಯು ಆ ಯೋಜನೆಯ ತಳಹದಿಯಾಗಿತ್ತು. ವ್ಯಕ್ತಿಯನ್ನು ನೋಡದೆ ವಂಶವನ್ನು ನೋಡಿ ಆರಿಸುವ ಈ ಎಣಿಕೆಯು ಶಾಸ್ತ್ರದೃಷ್ಟಿಯಿಂದ ದುರ್ಬಲವೆಂದೇ ನನ್ನ ಅಭಿಪ್ರಾಯ. ಇರಲಿ. ಆಯ್ಕೆಯಾದವರಲ್ಲಿ ಕೆಲವರು ರಾಷ್ಟ್ರಮಟ್ಟದ ಪದಕಗಳನ್ನು ಗಳಿಸಿದರು. ೧೯೯೩ರಲ್ಲಿ ಸಿದ್ದಿಗಳ ತರಬೇತಿಯನ್ನು ನಿಲ್ಲಿಸಲಾಯಿತು. ಕೆಲವರಿಗೆ ಆಟದ ಬಲದಿಂದ ಸರ್ಕಾರಿ ನೌಕರಿ ದೊರೆಯಿತು. ಹಲವರು ಹಳ್ಳಿಗೆ ಹಿಂದಿರುಗಿ ಕೂಲಿಗೆ ಹೋದರು. ಓದೂ ಅರ್ಧ, ಆಟವೂ ಅರ್ಧ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದ್ದೇ ೨೦೦೩ರಲ್ಲಿ. ಅದೇ ಬಗೆಯ ಯೋಜನೆಯಲ್ಲಿ ರಾಜಸ್ಥಾನದ ಆದಿವಾಸಿ ಹುಡುಗ ಲಿಂಬಾ ರಾಮ್ ೧೯೮೭ರಲ್ಲಿ ಬಿಲ್ಲುಗಾರಿಕೆಗೆ ಆಯ್ಕೆಯಾದರು. ಮರುವರ್ಷದಿಂದ ಮೂರು ಒಲಿಂಪಿಕ್ಸ್‌ಗಳಲ್ಲಿ ಸ್ಪರ್ಧಿಸಿದರು. ೧೯೯೨ರಲ್ಲಿ ವಿಶ್ವದಾಖಲೆಯನ್ನು ಸರಿಗಟ್ಟಿದರು. ಆರಿಸಿದ ಮೇಲೆ ಎಷ್ಟು ಕಾಲ ಕೈಹಿಡಿದು ನಡೆಸಿದರೆಂಬುದು ಆರಿಸುವ ಕೌಶಲಕ್ಕಿಂತ ಕಡಿಮೆಯದಲ್ಲ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ದಾಖಲೆಗಳೆಲ್ಲ ಸತ್ಯವೇ ಆದುವೆಂದು ಇಟ್ಟುಕೊಳ್ಳೋಣ. ೧೯೬೯ರ ಜನನ ಮರಣ ನೋಂದಣಿ ಅಧಿನಿಯಮವು ಕ್ರಮೇಣ ಹಳ್ಳಿಗಳಲ್ಲಿ ನೆಲೆಯೂರಿದೆ. ಅದರ ತಿದ್ದುಪಡಿಯಂತೆ ೨೦೨೩ರ ಅಕ್ಟೋಬರ್ ೧ರಿಂದೀಚೆಗೆ ಹುಟ್ಟಿದವರಿಗೆ ಜನನ ಪ್ರಮಾಣಪತ್ರವೇ ಜನ್ಮದಿನಾಂಕಕ್ಕೆ ಆಧಾರ. ಜೂನ್ ೧ರ ಸಂತತಿ ಇನ್ನು ಬೆಳೆಯಲಾರದು. ಆಗಲಾದರೂ ಆಯ್ಕೆ ನ್ಯಾಯವಾಗುವುದೇ?

ಆಗದು, ಏಕೆಂದರೆ ಪಂಚಾಂಗವೇ ಪಕ್ಷಪಾತಿ. ವಯೋಮಿತಿಯನ್ನು ಜನವರಿ ೧ರಿಂದ ಎಣಿಸುವಲ್ಲಿ, ಒಂದೇ ವರ್ಷದ ಜನವರಿಯಲ್ಲಿ ಹುಟ್ಟಿದವನೂ ಡಿಸೆಂಬರಿನಲ್ಲಿ ಹುಟ್ಟಿದವನೂ ಸಮವಯಸ್ಕರೆನಿಸುತ್ತಾರೆ. ಹನ್ನೆರಡು ಹದಿಮೂರರ ಪ್ರಾಯದಲ್ಲಿ ಹನ್ನೊಂದು ತಿಂಗಳೆಂದರೆ ಅಲ್ಪವಲ್ಲ. ಕೆನಡದ ಮನಶ್ಶಾಸ್ತ್ರಜ್ಞ ರಾಜರ್ ಬಾರ್ನ್ಸ್‌ಲಿಯೂ ಅವರ ಸಂಗಡಿಗರೂ ೧೯೮೫ರಲ್ಲಿ ಹಿಮದ ಹಾಕಿ ಆಟಗಾರರ ಪಟ್ಟಿಗಳನ್ನು ಪರಿಶೀಲಿಸಿ, ವರ್ಷದ ಮೊದಲ ಮೂರು ತಿಂಗಳಲ್ಲಿ ಹುಟ್ಟಿದವರು ಕೊನೆಯ ಮೂರು ತಿಂಗಳಲ್ಲಿ ಹುಟ್ಟಿದವರಿಗಿಂತ ಎಷ್ಟೋ ಮಂದಿ ಹೆಚ್ಚಾಗಿರುವುದನ್ನು ತೋರಿಸಿದರು. ೧೯೯೨ರಲ್ಲಿ ಅವರೇ ಕಿರಿಯರ ವಿಶ್ವಮಟ್ಟದ ಫುಟ್‌ಬಾಲ್ ತಂಡಗಳಲ್ಲಿಯೂ ಇದನ್ನು ಕಂಡರು. ಇದು ಕಾಕತಾಳೀಯವೆಂದು ಸಂಶಯಪಡುವವರಿಗೆ ಬೆಲ್ಜಿಯಮ್ ದೇಶವು ಉತ್ತರ ಕೊಟ್ಟಿದೆ. ಅಲ್ಲಿ ವಯೋಮಿತಿಯ ಎಣಿಕೆ ಆಗಸ್ಟ್ ೧ರಿಂದ ನಡೆಯುತ್ತಿತ್ತು. ಕಿರಿಯರ ತಂಡಗಳಲ್ಲಿ ಆಗಸ್ಟ್ ಸೆಪ್ಟೆಂಬರಿನಲ್ಲಿ ಹುಟ್ಟಿದವರು ತುಂಬಿದ್ದರು. ೧೯೯೭ರಲ್ಲಿ ಎಣಿಕೆಯನ್ನು ಜನವರಿ ೧ಕ್ಕೆ ಬದಲಿಸಿದರು. ಸ್ವಲ್ಪ ಕಾಲದಲ್ಲಿಯೇ ಜನವರಿ ಫೆಬ್ರವರಿಗಳಲ್ಲಿ ಹುಟ್ಟಿದವರು 'ಪ್ರತಿಭಾವಂತ'ರಾದರು. ಆಗಸ್ಟಿನವರು ಹಿಂದೆ ಸರಿದರು. ಪ್ರತಿಭೆಯು ಸರ್ಕಾರಿ ಸುತ್ತೋಲೆಯನ್ನು ಓದಿಕೊಂಡು ತಿಂಗಳು ಬದಲಿಸುವುದಿಲ್ಲವಷ್ಟೆ!

ತಿಂಗಳಿಗಿಂತ ದೊಡ್ಡ ಕಾರಣ ಇನ್ನೊಂದುಂಟು. ಒಂದೇ ದಿನ ಹುಟ್ಟಿದ ಇಬ್ಬರು ಹುಡುಗರ ದೇಹಗಳು ಒಂದೇ ವೇಗದಲ್ಲಿ ಬಲಿಯುವುದಿಲ್ಲ. ಗಂಡುಮಕ್ಕಳು ಸರಾಸರಿ ಹದಿನಾಲ್ಕರ ಸುಮಾರಿಗೆ ಅತ್ಯಂತ ವೇಗವಾಗಿ ಎತ್ತರವಾಗುತ್ತಾರೆ. ಕೆಲವರಿಗೆ ಇದು ಎರಡು ವರ್ಷ ಮೊದಲೇ ಬರುತ್ತದೆ, ಕೆಲವರಿಗೆ ಎರಡು ವರ್ಷ ತಡವಾಗಿ. ಲಂಡನ್ನಿನ ಜೆ. ಎಂ. ಟ್ಯಾನರ್ ಮತ್ತು ಅವರ ಸಹೋದ್ಯೋಗಿಗಳು ಮಕ್ಕಳ ಬೆಳವಣಿಗೆಯನ್ನು ವರ್ಷಗಟ್ಟಲೆ ಅಳೆದು, ಕೈ ಮತ್ತು ಮಣಿಕಟ್ಟಿನ ಮೂಳೆಗಳ ಕ್ಷ-ಕಿರಣ ಚಿತ್ರದಿಂದ ದೇಹವು ಎಷ್ಟು ಬಲಿತಿದೆಯೆಂಬುದನ್ನು ನಿರ್ಧರಿಸುವ ಕ್ರಮವನ್ನು ರೂಪಿಸಿದರು. ಅದರ ಮೂರನೆಯ ಪರಿಷ್ಕರಣವು ೨೦೦೧ರಲ್ಲಿ ಪ್ರಕಟವಾಯಿತು. ಟಿ.ಡಬ್ಲ್ಯು. ೩ ಎಂದು ಕರೆಯಲ್ಪಡುವ ಇದನ್ನೇ ನಮ್ಮ ದೇಶದಲ್ಲಿ ಕ್ರಿಕೆಟ್ ಮಂಡಲಿಯೂ ಇತರ ಸಂಸ್ಥೆಗಳೂ ಕಿರಿಯರ ವಯಸ್ಸನ್ನು ಪರೀಕ್ಷಿಸಲು ಬಳಸುತ್ತಿವೆ. ಅಂತರರಾಷ್ಟ್ರೀಯ ಫುಟ್‌ಬಾಲ್ ಒಕ್ಕೂಟವು ೨೦೦೯ರಿಂದ ಹದಿನೇಳು ವರ್ಷದೊಳಗಿನವರ ವಿಶ್ವಕಪ್ಪಿನಲ್ಲಿ ಮಣಿಕಟ್ಟಿನ ಎಂ.ಆರ್.ಐ. ಚಿತ್ರವನ್ನು ತೆಗೆಸುತ್ತಿದೆ.

ಇದು ನಮ್ಮ ಸೀಮೆಯವರಿಗೆ ಹೊಸ ವಿದ್ಯೆಯೇನೂ ಅಲ್ಲ. ದನದ ಜಾತ್ರೆಯಲ್ಲಿ ಎತ್ತನ್ನು ಕೊಳ್ಳುವವನು ಮಾರುವವನ ಮಾತನ್ನು ನಂಬುವುದಿಲ್ಲ. ತುಟಿ ಎತ್ತಿ ಹಲ್ಲು ನೋಡುತ್ತಾನೆ. ಹಾಲುಹಲ್ಲೋ, ಎರಡು ಹಲ್ಲೋ, ನಾಲ್ಕೋ, ಬಾಯಿಗೂಡಿದೆಯೋ ಎಂಬುದರಿಂದ ಪ್ರಾಯವನ್ನು ಹೇಳುತ್ತಾನೆ. ಆದರೆ ಜಾಣನಾದ ರೈತನು ಅಷ್ಟಕ್ಕೇ ನಿಲ್ಲಿಸುವುದಿಲ್ಲ. ಎರಡು ಹಲ್ಲಿನ ಹೋರಿಯು ನಾಲ್ಕು ಹಲ್ಲಿನದಕ್ಕಿಂತ ಸಣ್ಣದೆಂದು ಅದನ್ನು ತಳ್ಳಿಹಾಕುವುದಿಲ್ಲ. ಇದು ಇನ್ನೂ ಎಷ್ಟು ಬೆಳೆಯಬಲ್ಲುದೆಂದು ಕಾಲು, ಎದೆ, ನಡೆಗಳನ್ನು ನೋಡಿ ಲೆಕ್ಕ ಹಾಕುತ್ತಾನೆ. ನಮ್ಮ ಕ್ರೀಡಾಸಂಸ್ಥೆಗಳು ಹಲ್ಲು ನೋಡುವುದನ್ನು ಕಲಿತಿವೆ, ಲೆಕ್ಕ ಹಾಕುವುದನ್ನು ಕಲಿತಿಲ್ಲ. ಮೂಳೆಯ ಚಿತ್ರದಲ್ಲಿ ಎರಡು ಸಂಗತಿಗಳಿವೆ. ದಾಖಲೆಗಿಂತ ಮೂಳೆ ಬಲಿತಿದ್ದರೆ ಹುಡುಗನು ಪ್ರಾಯ ಮುಚ್ಚಿಟ್ಟಿರಬಹುದು, ಅಥವಾ ಬೇಗ ಬೆಳೆದವನಾಗಿರಬಹುದು. ದಾಖಲೆಗಿಂತ ಮೂಳೆ ಎಳೆಯದಾಗಿದ್ದರೆ ಅವನು ತಡವಾಗಿ ಬೆಳೆಯುವವನು. ಇಂದು ಸೋಲುತ್ತಿರುವುದು ಆಟದಲ್ಲಲ್ಲ, ಎತ್ತರದಲ್ಲಿ. ಮೊದಲನೆಯವನನ್ನು ಹೊರಹಾಕಲು ನಾವು ಆ ಚಿತ್ರವನ್ನು ಓದುತ್ತೇವೆ; ಎರಡನೆಯವನನ್ನು ಉಳಿಸಿಕೊಳ್ಳಲು ಅದೇ ಚಿತ್ರವನ್ನು ಓದುವುದಿಲ್ಲ. ಇತಿಹಾಸದ ವಿದ್ಯಾರ್ಥಿಯೊಬ್ಬನು ಶಾಸನದ ಒಂದು ಮುಖವನ್ನು ಮಾತ್ರ ಓದಿ ಹಿಂಭಾಗವನ್ನು ಬಿಟ್ಟರೆ ನಾವು ಅವನಿಗೆ ಅಂಕ ಕೊಡುವುದಿಲ್ಲ. ಕೇಂದ್ರ ಕ್ರೀಡಾ ಸಚಿವಾಲಯವು ವಯಸ್ಸಿನ ವಂಚನೆಯ ವಿರುದ್ಧ ೨೦೧೦ರಲ್ಲಿ ಒಂದು ಸಂಹಿತೆಯನ್ನು ತಂದು, ೨೦೨೫ರಲ್ಲಿ ಹೊಸ ಕರಡನ್ನು ಪ್ರಕಟಿಸಿತು. ವಂಚನೆಯನ್ನು ತಡೆಯುವುದಕ್ಕೆ ಅದು ಅಗತ್ಯವೇ. ಆದರೆ ವಂಚನೆಯ ನಿಗ್ರಹವೊಂದೇ ಆಯ್ಕೆಯ ಸುಧಾರಣೆಯಾಗಲಾರದು.

ತಡವಾಗಿ ಕಂಡುಬಂದ ಆಟಗಾರನೊಬ್ಬನ ಉದಾಹರಣೆ ನಮ್ಮ ಕಾಲದಲ್ಲಿಯೇ ಉಂಟು. ೨೦೧೭ರ ಅಕ್ಟೋಬರಿನಲ್ಲಿ ಹದಿನೇಳು ವರ್ಷದೊಳಗಿನವರ ವಿಶ್ವಕಪ್ ಭಾರತದಲ್ಲಿ ನಡೆಯಿತು. ನಮ್ಮ ತಂಡವನ್ನು ಹಲವು ವರ್ಷ ಮುಂಚಿನಿಂದಲೇ ಆರಿಸಿ ಸಿದ್ಧಪಡಿಸುತ್ತಿದ್ದರು. ಮಣಿಪುರದ ಜೀಕ್ಸನ್ ಸಿಂಗ್ ಎಂಬ ಹುಡುಗನನ್ನು ಮೊದಲು ಆರಿಸಿರಲಿಲ್ಲ. ಪಂಜಾಬಿನ ಮಿನರ್ವ ಅಕಾಡೆಮಿಯ ಹುಡುಗರು ರಾಷ್ಟ್ರೀಯ ತಂಡವನ್ನೇ ಸ್ನೇಹಪಂದ್ಯವೊಂದರಲ್ಲಿ ಸೋಲಿಸಿದ ಬಳಿಕ, ಹೊಸದಾಗಿ ಬಂದಿದ್ದ ಪೋರ್ಚುಗಲ್ಲಿನ ತರಬೇತುದಾರರು ಆ ಅಕಾಡೆಮಿಯಿಂದ ಕೆಲವರನ್ನು ಕರೆದುಕೊಂಡರು. ಅವರಲ್ಲಿ ಜೀಕ್ಸನ್ ಒಬ್ಬ. ಅಕ್ಟೋಬರ್ ೯ರಂದು ಕೊಲಂಬಿಯದ ಎದುರು ಭಾರತವು ೧-೨ರಿಂದ ಸೋತಿತು. ಮೂರು ಪಂದ್ಯಗಳಲ್ಲಿ ಭಾರತಕ್ಕೆ ಬಂದ ಒಂದೇ ಗೋಲು ಅಂದು ಜೀಕ್ಸನ್ನನ ತಲೆಯಿಂದ ಬಂದಿತು. ಮೂಲೆಯೊದೆತದಿಂದ ಆ ಚೆಂಡನ್ನು ಒದಗಿಸಿದವನು ಬೆಂಗಳೂರಿನ ಹುಡುಗ ಸಂಜೀವ್ ಸ್ಟಾಲಿನ್; ಅವನು ಪಳಗಿದ್ದು ಚಂಡೀಗಢದ ಅಕಾಡೆಮಿಯಲ್ಲಿ. ಆ ಸ್ನೇಹಪಂದ್ಯ ನಡೆಯದೆ ಹೋಗಿದ್ದರೆ ಏನಾಗುತ್ತಿತ್ತೆಂದು ಊಹಿಸುವುದು ಇತಿಹಾಸಕಾರನ ಕೆಲಸವಲ್ಲ. ಆದರೆ ಎರಡನೆಯ ನೋಟವೊಂದು ದೊರೆತದ್ದು ಯೋಜನೆಯಿಂದಲ್ಲ, ಅಕಸ್ಮಾತ್ತಿನಿಂದ ಎಂಬುದನ್ನು ಹೇಳದಿರಲಾರೆ.

ಈ ಎರಡನೆಯ ನೋಟವನ್ನು ಅಕಸ್ಮಾತ್ತಿಗೆ ಬಿಡದೆ ಕ್ರಮಬದ್ಧಗೊಳಿಸಿದ ದೇಶಗಳಿವೆ. ಬೆಲ್ಜಿಯಮ್ಮಿನವರು ತಡವಾಗಿ ಬಲಿಯುವ ಹುಡುಗರಿಗಾಗಿಯೇ ರಾಷ್ಟ್ರೀಯ ಕಿರಿಯರ ತಂಡದ ಜೊತೆಜೊತೆಗೆ ಮತ್ತೊಂದು ತಂಡವನ್ನು ನಡೆಸುತ್ತಾರೆ. ಜರ್ಮನಿಯು ೨೦೦೦ದ ಯೂರೋಪ್ ಪಂದ್ಯಾವಳಿಯಲ್ಲಿ ಹೀನಾಯವಾಗಿ ಸೋತ ಅನಂತರ, ೨೦೦೨ರಿಂದ ದೇಶದಾದ್ಯಂತ ೩೫೦ಕ್ಕೂ ಹೆಚ್ಚು ಕೇಂದ್ರಗಳನ್ನು ತೆರೆದು, ದೊಡ್ಡ ಕ್ಲಬ್ಬುಗಳ ಕಣ್ಣಿಗೆ ಬೀಳದ ಊರುಗಳ ಹುಡುಗರನ್ನು ವಾರಕ್ಕೊಮ್ಮೆ ಹತ್ತಿರದಲ್ಲಿಯೇ ಕಲೆಹಾಕಿ ಕಲಿಸತೊಡಗಿತು. ಹುಡುಗನನ್ನು ಊರಿನಿಂದ ಕೀಳದೆ ಊರಿನ ಬಳಿಗೆ ತರಬೇತಿಯನ್ನು ಒಯ್ದದ್ದು ಇದರ ವೈಶಿಷ್ಟ್ಯ. ಇಂಗ್ಲೆಂಡಿನಲ್ಲಿ ೨೦೧೫ರಲ್ಲಿ ನಾಲ್ಕು ಕ್ಲಬ್ಬುಗಳು ವಯಸ್ಸಿನಿಂದಲ್ಲದೆ ಬೆಳವಣಿಗೆಯಿಂದ ಹುಡುಗರನ್ನು ವಿಂಗಡಿಸಿ ಪಂದ್ಯಗಳನ್ನು ಆಡಿಸಿದುವು. ಹುಡುಗನ ಈಗಿನ ಎತ್ತರ, ತೂಕ, ತಂದೆತಾಯಿಗಳ ಎತ್ತರ ಇವುಗಳಿಂದ ಅವನು ಪ್ರಾಯಕ್ಕೆ ಬಂದಾಗ ಎಷ್ಟು ಎತ್ತರವಾಗುವನೆಂದು ಗಣಿಸಿ, ಆ ಎತ್ತರದ ನೂರಕ್ಕೆ ಎಂಬತ್ತೈದರಿಂದ ತೊಂಬತ್ತು ಪಾಲನ್ನು ಮುಟ್ಟಿದವರನ್ನು ಒಟ್ಟಿಗೆ ಸೇರಿಸಿದರು. ಬೇಗ ಬೆಳೆದವರು ಮೊದಲ ಬಾರಿಗೆ ಬಲವನ್ನು ಬಿಟ್ಟು ಬುದ್ಧಿಯಿಂದ ಆಡಬೇಕಾಯಿತು. ಸಣ್ಣವರಿಗೆ ತಮ್ಮ ಚಾತುರ್ಯವನ್ನು ತೋರಲು ಎಡೆ ದೊರೆಯಿತು. ಈ ಗಣನೆಯ ಸೂತ್ರವು ೧೯೯೪ರಲ್ಲಿ ಅಮೆರಿಕದ ಮಕ್ಕ‌ಳ ಅಳತೆಗಳಿಂದ ಸಿದ್ಧವಾದದ್ದು. ಅದನ್ನು ಕಡೂರಿನ ಮಕ್ಕಳಿಗೆ ಹಾಗೆಯೇ ಅನ್ವಯಿಸುವುದು ಅವಿಚಾರವಾದೀತು. ನಮ್ಮ ಮಕ್ಕಳ ಅಳತೆಗಳನ್ನು ನಾವೇ ಸಂಗ್ರಹಿಸಬೇಕು.

ಇವೆಲ್ಲ ಹಣವುಳ್ಳ ದೇಶಗಳ ಮಾತೆಂದು ತಳ್ಳಿಹಾಕುವವರಿಗಾಗಿ ಒಂದು ಪ್ರಯೋಗವನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬಯಸುತ್ತೇನೆ. ನೆದರ್ಲೆಂಡ್ಸ್ ದೇಶದಲ್ಲಿ ಆಟಗಾರರನ್ನು ಅರಸುವುದೇ ವೃತ್ತಿಯಾದ ಜನರಿಗೆ ಕಿರಿಯರ ಪಂದ್ಯವನ್ನು ತೋರಿಸಿ, ಪ್ರತಿಭೆಯ ಕ್ರಮದಲ್ಲಿ ಹುಡುಗರನ್ನು ಪಟ್ಟಿಮಾಡಲು ಹೇಳಿದರು. ಏನೂ ತಿಳಿಸದಿದ್ದಾಗ ವರ್ಷದ ಮೊದಲಲ್ಲಿ ಹುಟ್ಟಿದವರೇ ಮೇಲೆ ಬಂದರು. ಹುಡುಗರ ಜನ್ಮದಿನಾಂಕಗಳ ಪಟ್ಟಿಯನ್ನು ಕೈಯಲ್ಲಿ ಕೊಟ್ಟಾಗಲೂ ಪಕ್ಷಪಾತವು ಹೋಗಲಿಲ್ಲ. ಕೊನೆಗೆ ಅಂಗಿಯ ಸಂಖ್ಯೆಗಳನ್ನೇ ವಯಸ್ಸಿನ ಅನುಕ್ರಮದಲ್ಲಿ ಕೊಟ್ಟು, ಅದನ್ನು ಅವರಿಗೆ ತಿಳಿಸಿ, ಆಡಿಸಿದರು. ಆಗ ಪಕ್ಷಪಾತವು ಕಾಣದಾಯಿತು. ೨೦೧೭ರಲ್ಲಿ ಪ್ರಕಟವಾದ ಈ ಫಲಿತಾಂಶವು ನನಗೆ ಬಹಳ ಹಿಡಿಸಿದೆ. ಬಲ್ಲವರಿಗೆ ಸತ್ಯವನ್ನು ಕಾಗದದಲ್ಲಿ ಕೊಟ್ಟರೆ ಸಾಲದು. ಅವರು ನೋಡುತ್ತಿರುವ ಬೆನ್ನಿನ ಮೇಲೆಯೇ ಅದನ್ನು ಬರೆಯಬೇಕು. ನಮ್ಮ ಹೋಬಳಿ ಮಟ್ಟದ ಕೂಟಗಳಲ್ಲಿ ಇದನ್ನು ಮಾಡಲು ಬೇಕಾದದ್ದು ಸರಿಯಾದ ಜನ್ಮದಿನಾಂಕಗಳು ಮತ್ತು ಸಂಖ್ಯೆ ಬರೆದ ಬನಿಯನ್ನುಗಳು ಮಾತ್ರ.

ಇದರ ಜೊತೆಗೆ ಶಾಲೆಗಳಲ್ಲಿ ದೈಹಿಕ ಶಿಕ್ಷಕರು ಆರು ತಿಂಗಳಿಗೊಮ್ಮೆ ಹುಡುಗರ ಎತ್ತರವನ್ನು ಗೋಡೆಯ ಗೀಟಿಗೆ ಹಿಡಿದು ಬರೆದಿಟ್ಟರೆ, ಯಾರು ಬೆಳೆದು ಮುಗಿಸುತ್ತಿರುವರು, ಯಾರು ಇನ್ನೂ ಆರಂಭಿಸಿಲ್ಲ ಎಂಬುದು ಎರಡು ವರ್ಷದಲ್ಲಿ ತಾನಾಗಿಯೇ ಕಾಣುತ್ತದೆ. ಒಮ್ಮೆ ಬಿಟ್ಟುಹೋದವರನ್ನು ಹದಿನಾರು ಹದಿನೇಳರಲ್ಲಿ ಮತ್ತೆ ಕರೆದು ನೋಡುವುದನ್ನು ನಿಯಮವಾಗಿ ಮಾಡಬೇಕು. ಪದವಿಪೂರ್ವ ಮತ್ತು ಪದವಿ ಕಾಲೇಜುಗಳು ಇದಕ್ಕೆ ತಕ್ಕ ಸ್ಥಳಗಳು. ಈ ಪ್ರಾಯದ ಹುಡುಗರು ಬರುವುದೇ ನಮ್ಮ ಬಳಿಗೆ. ಆದರೆ ಹಿಂದೆ ಪ್ರಮಾಣಪತ್ರ ಪಡೆದವರನ್ನೇ ನಾವು ತಂಡಕ್ಕೆ ಸೇರಿಸಿ, ಹದಿಮೂರರ ತಪ್ಪನ್ನು ಹದಿನೆಂಟರಲ್ಲಿ ಖಾಯಂ ಮಾಡುತ್ತಿದ್ದೇವೆ. ಕ್ರೀಡಾ ವಸತಿನಿಲಯಗಳಲ್ಲಿ ಸ್ಥಾನಗಳು ಕೆಲವೇ ಆದುದರಿಂದ ಬೇಗ ಆರಿಸುವುದು ಅನಿವಾರ್ಯವೆಂಬ ಆಕ್ಷೇಪಣೆಯುಂಟು. ಆ ಕೆಲವೇ ಸ್ಥಾನಗಳಲ್ಲಿ ಒಂದೆರಡನ್ನು ತಡವಾಗಿ ಬರುವವರಿಗಾಗಿ ಖಾಲಿ ಇಡಬಾರದೇಕೆ ಎಂಬುದಕ್ಕೆ ನನಗೆ ಈವರೆಗೆ ತೃಪ್ತಿಕರವಾದ ಉತ್ತರ ದೊರೆತಿಲ್ಲ.

ತಾಲ್ಲೂಕಿನ ತಂಡದಲ್ಲಿ ನನ್ನ ಆಟ ಒಂದೇ ವರ್ಷಕ್ಕೆ ಮುಗಿಯಿತು. ಒಂಬತ್ತನೆಯ ತರಗತಿಯ ಬಳಿಕ ನಾನು ಎತ್ತರವಾಗುವುದೇ ನಿಂತಿತು. ನನ್ನ ಗೆಳೆಯ ಹತ್ತನೆಯ ತರಗತಿಯ ಬೇಸಿಗೆಯಲ್ಲಿ ಬೆಳೆಯಲು ಆರಂಭಿಸಿ, ಹದಿನೆಂಟಕ್ಕೆ ನನಗಿಂತ ಎತ್ತರವಾದ. ಅಷ್ಟರಲ್ಲಿ ಅವನನ್ನು ನೋಡುವವರು ಯಾರೂ ಇರಲಿಲ್ಲ. ಈಗ ಅವನು ಮದಗದಕೆರೆಯ ಕಡೆಯಲ್ಲಿ ಅಡಕೆ ತೋಟ ಮಾಡಿಕೊಂಡಿದ್ದಾನೆ. ಅವನ ಮಗ ಎಂಟನೆಯ ತರಗತಿಯಲ್ಲಿದ್ದಾನೆ; ಸಾಲಿನಲ್ಲಿ ನಿಲ್ಲಿಸಿದರೆ ಕೊನೆಯವನು. ಸರ್ಕಾರಿ ಆಸ್ಪತ್ರೆಯಲ್ಲಿ ಹುಟ್ಟಿದವನಾದುದರಿಂದ ಅವನ ಜನನ ಪ್ರಮಾಣಪತ್ರದಲ್ಲಿ ಗಂಟೆ ನಿಮಿಷದವರೆಗೆ ದೋಷವಿಲ್ಲ. ದಿನಾಂಕ ಡಿಸೆಂಬರ್ ೨೮.